ಆರು ತಿಂಗಳ ಕಟ್ಟೋಣ

ಲಂಡನ್ನಿನಲ್ಲಿ ಥೇಮ್ಸ್ ನದಿಯ ದಕ್ಷಿಣ ದಂಡೆಯ ಮೇಲೆ ಇಟ್ಟಿಗೆಯ ಒಂದು ದೈತ್ಯ ಕಟ್ಟಡವಿದೆ. ಅದರ ನಡುವೆ 99 ಮೀಟರ್ ಎತ್ತರದ ಹೊಗೆಕೊಳವೆ. ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ನಕ್ಷೆ ಹಾಕಿದ ಈ ಬ್ಯಾಂಕ್‌ಸೈಡ್ ವಿದ್ಯುತ್ ಸ್ಥಾವರ ಎಣ್ಣೆ ಉರಿಸಿ ನಗರಕ್ಕೆ ಕರೆಂಟು ಕೊಡುತ್ತಿತ್ತು. 1981ರಲ್ಲಿ ಅದು ನಿಂತುಹೋಯಿತು. ಸ್ವಿಟ್ಜರ್ಲೆಂಡಿನ ವಾಸ್ತುಶಿಲ್ಪಿಗಳಾದ ಹೆರ್ಜಾಗ್ ಮತ್ತು ಡಿ ಮ್ಯೂರಾನ್ ಅದನ್ನು ಆಧುನಿಕ, ಸಮಕಾಲೀನ ಕಲೆಯ ಸಂಗ್ರಹಾಲಯವಾಗಿ ಬದಲಿಸಿದರು. 2000ದ ಮೇ ತಿಂಗಳಲ್ಲಿ ಟೇಟ್ ಮಾಡರ್ನ್ ಎಂಬ ಹೆಸರಿನಿಂದ ಅದರ ಬಾಗಿಲು ತೆರೆಯಿತು. ಆ ಇಬ್ಬರು ಅಲ್ಲಿ ಸೇರಿಸಿದ್ದು ಬಹಳ. ಆದರೆ ನನ್ನ ಮಟ್ಟಿಗೆ ಅವರ ಅತ್ಯಂತ ದಿಟ್ಟ ತೀರ್ಮಾನ, ಒಂದು ಜಾಗವನ್ನು ಏನೂ ತುಂಬದೆ ಹಾಗೆಯೇ ಬಿಟ್ಟದ್ದು.

ಆ ಜಾಗವೇ ಟರ್ಬೈನ್ ಹಾಲ್. ಯಂತ್ರಗಳನ್ನು ಕಿತ್ತು ಸಾಗಿಸಿದ ಮೇಲೆ ಅಲ್ಲಿ ಉಳಿದದ್ದು 155 ಮೀಟರ್ ಉದ್ದ, 23 ಮೀಟರ್ ಅಗಲ, 35 ಮೀಟರ್ ಎತ್ತರದ ಖಾಲಿ. ಅಂತಸ್ತುಗಳನ್ನು ಹಾಕಿ ಹತ್ತಾರು ಕೋಣೆ ಮಾಡಿಕೊಳ್ಳಬಹುದಿತ್ತು, ಮಾಡಲಿಲ್ಲ. ಪಶ್ಚಿಮದ ಬಾಗಿಲಿನಿಂದ ಅಗಲವಾದ ಇಳಿಜಾರೊಂದು ಒಳಕ್ಕೆ ಇಳಿಯುತ್ತದೆ. ಮಧ್ಯದಲ್ಲಿ ಅಡ್ಡಕ್ಕೆ ಒಂದು ಸೇತುವೆ. ಎರಡೂ ಬದಿಗೆ ಕಪ್ಪು ಉಕ್ಕಿನ ಕಂಬಗಳು, ನೆತ್ತಿಯ ಮೇಲೆ ಗಾಜಿನ ಚಾವಣಿ, ಕಾಲಡಿಗೆ ಬರಿ ಕಾಂಕ್ರೀಟು. ಒಳಬರುವುದಕ್ಕೆ ಟಿಕೆಟ್ ಇಲ್ಲ. ಮಳೆ ಬಂದರೆ ದಾರಿಹೋಕರು ಬಂದು ನಿಲ್ಲಬಹುದು, ಮಕ್ಕಳು ಇಳಿಜಾರಿನಲ್ಲಿ ಓಡಬಹುದು.

ಇಲ್ಲಿ ಸರಿಸುಮಾರು ವರ್ಷಕ್ಕೊಬ್ಬ ಕಲಾವಿದರನ್ನು ಕರೆಸಿ ಈ ಹಾಲಿಗಾಗಿಯೇ ಒಂದು ಕೃತಿ ಮಾಡಿಸುವ ಪರಿಪಾಠ ಮೊದಲ ವರ್ಷದಿಂದಲೇ ಶುರುವಾಯಿತು. 2012ರ ತನಕ ಯೂನಿಲಿವರ್ ಕಂಪನಿ, 2015ರಿಂದ ಹ್ಯುಂಡೈ ಇದರ ಪ್ರಾಯೋಜಕರು. ಕೃತಿ ಐದಾರು ತಿಂಗಳು ಇರುತ್ತದೆ. ಆಮೇಲೆ ಅದನ್ನು ತೆಗೆದು, ಮುಂದೆ ಬರುವವರಿಗೆ ಹಾಲನ್ನು ಮೊದಲಿನಂತೆ ಖಾಲಿ ಮಾಡಿ ಒಪ್ಪಿಸಬೇಕು.

ಈ ಕಡೆಯ ಷರತ್ತಿನಲ್ಲೇ ಇಡೀ ಕಸುಬಿನ ಗುಟ್ಟಿದೆ ಎಂದು ನನಗೆ ತೋರುತ್ತದೆ. ಕಲಾಕೃತಿ ಶಾಶ್ವತವಾಗಿರಬೇಕು, ಕಾಲವನ್ನು ಗೆಲ್ಲಬೇಕು ಎಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ಇಲ್ಲಿ ಕೆಲಸ ಮಾಡುವವರು ಅದನ್ನು ಬದಿಗಿಡಬೇಕು. ಮದುವೆ ಚಪ್ಪರ ಹಾಕುವ ಅನುಭವಸ್ಥ ಕಂಬ ನೆಡುವಾಗಲೇ ಅದನ್ನು ಕೀಳುವ ಬಗೆಯನ್ನೂ ಲೆಕ್ಕ ಹಾಕಿರುತ್ತಾನಲ್ಲ, ಹಾಗೆ ಇವರೂ ಕಟ್ಟುವ ಮೊದಲೇ ಬಿಚ್ಚುವುದನ್ನು ಯೋಚಿಸಿರಬೇಕು. ಬಾಗಿಲಿನಲ್ಲಿ ಯಾವ ಅಳತೆಯ ತುಂಡು ಹಿಡಿಸುತ್ತದೆ, ನೆಲ ಎಷ್ಟು ಭಾರ ತಾಳುತ್ತದೆ, ಯಾವುದನ್ನು ಎಲ್ಲಿಂದ ತೂಗುಹಾಕಬಹುದು, ಸಾವಿರಾರು ಜನ ಮುಟ್ಟಿದರೆ ಏನಾಗುತ್ತದೆ, ಕೊನೆಗೆ ಇದೆಲ್ಲ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕಮೇಲೆಯೇ ಕಲ್ಪನೆಗೆ ಕಾಲು ಮೂಡುವುದು.

ಇನ್ನೊಂದು ತೊಡಕು ಅಳತೆಯದು. ಹತ್ತಡಿಯ ಕಂಚಿನ ಪ್ರತಿಮೆ ಸಾಮಾನ್ಯ ಗ್ಯಾಲರಿಯಲ್ಲಿ ದರ್ಪದಿಂದ ನಿಲ್ಲುತ್ತದೆ. ಇಲ್ಲಿ ಅದು ಯಾರೋ ಮರೆತುಹೋದ ಸಾಮಾನಿನಂತೆ ಕಾಣುತ್ತದೆ. ಹಾಗೆಂದು ಬರೀ ದೊಡ್ಡದು ಮಾಡಿದರೂ ಆಗದು. ನೋಡುವವರು ಇಳಿಜಾರಿನ ತುದಿಯಿಂದ ನೋಡುತ್ತಾರೆ, ಸೇತುವೆಯಿಂದ ನೋಡುತ್ತಾರೆ, ಮೇಲಿನ ಅಂತಸ್ತುಗಳ ಕಿಟಕಿಯಿಂದ ಬಗ್ಗಿ ನೋಡುತ್ತಾರೆ, ಬುಡದಲ್ಲಿ ನಿಂತು ಕತ್ತೆತ್ತಿ ನೋಡುತ್ತಾರೆ. ಈ ನಾಲ್ಕು ನೋಟಗಳಿಗೂ ಕೃತಿ ಬೇರೆಬೇರೆ ಏನನ್ನಾದರೂ ಕೊಡಬೇಕು.

ಮೊದಲ ಆಹ್ವಾನ ಹೋದದ್ದು ಲೂಯಿಸ್ ಬೂರ್ಜ್ವಾ ಅವರಿಗೆ. ಆಗ ಆಕೆಗೆ 88 ವರ್ಷ. ಉಕ್ಕಿನ ಮೂರು ಗೋಪುರಗಳನ್ನು ನಿಲ್ಲಿಸಿ, ಸುರುಳಿ ಮೆಟ್ಟಿಲಿನಿಂದ ಜನರನ್ನು ಮೇಲಕ್ಕೆ ಹತ್ತಿಸಿದರು; ತುದಿಯಲ್ಲಿ ಕುರ್ಚಿಗಳೂ ದೊಡ್ಡ ಕನ್ನಡಿಗಳೂ ಇದ್ದವು. ಗೋಪುರಗಳಿಗಿಂತ ಜನರ ನೆನಪಿನಲ್ಲಿ ಉಳಿದದ್ದು ಜೊತೆಗೆ ಬಂದ ಜೇಡ, ‘ಮಾಮಾನ್’. ಫ್ರೆಂಚಿನಲ್ಲಿ ಅಮ್ಮನನ್ನು ಕರೆಯುವ ಮಾತು ಅದು. ಒಂಬತ್ತು ಮೀಟರಿಗೂ ಎತ್ತರದ ಆ ಉಕ್ಕಿನ ಜೇಡದ ಹೊಟ್ಟೆಯಡಿಯ ಚೀಲದಲ್ಲಿ ಅಮೃತಶಿಲೆಯ ಮೊಟ್ಟೆಗಳಿವೆ. ಬೂರ್ಜ್ವಾ ಅವರ ತಾಯಿ ಹಳೆಯ ಚಿತ್ರಗಂಬಳಿಗಳ ಹರಿದ ಎಳೆಗಳನ್ನು ಮತ್ತೆ ನೇಯ್ದು ಸರಿಪಡಿಸುತ್ತಿದ್ದವರು; ಜೇಡಕ್ಕೆ ಆ ತಾಳ್ಮೆಯ ಗೌರವ ಸಂದಿದೆ. ಎಂಟು ಕಾಲುಗಳು ತುದಿಯಲ್ಲಿ ಸೂಜಿಮೊನೆಯಾಗಿ ನೆಲ ಮುಟ್ಟುತ್ತವೆ. ಕಾಲುಗಳ ನಡುವೆ ಬಯಲು ಹಾಗೇ ಉಳಿಯುತ್ತದೆ, ಜನ ಅದರೊಳಗೇ ಓಡಾಡುತ್ತಾರೆ. ದೊಡ್ಡ ಹಾಲನ್ನು ತುಂಬಿಸದೆಯೂ ಆಳಬಹುದು ಎಂಬುದನ್ನು ಆ ಹಿರಿಯ ಜೀವ ಮೊದಲ ಸಲವೇ ತೋರಿಸಿಕೊಟ್ಟಿತು.

ಮರುವರ್ಷ ಸ್ಪೇನಿನ ಹುವಾನ್ ಮುನ್ಯೋಸ್. ಹಾಲಿನ ನಡುವೆ ಸುಳ್ಳು ನೆಲವೊಂದನ್ನು ಹಾಕಿ, ಯಾರನ್ನೂ ಒಯ್ಯದ ಎರಡು ಲಿಫ್ಟುಗಳು ಸುಮ್ಮನೆ ಏರಿಳಿಯುವಂತೆ ಮಾಡಿದ್ದರು. ಪ್ರದರ್ಶನ ನಡೆಯುತ್ತಿದ್ದಾಗಲೇ, 2001ರ ಆಗಸ್ಟಿನಲ್ಲಿ, 48ನೇ ವಯಸ್ಸಿಗೆ ಅವರು ತೀರಿಕೊಂಡರು.

ಮುಂಬೈಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಅನೀಶ್ ಕಪೂರ್ 2002ರಲ್ಲಿ ಮಾಡಿದ ‘ಮಾರ್ಸಿಯಾಸ್’ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಕಲೆಯೂ ಎಂಜಿನಿಯರಿಂಗೂ ಇಷ್ಟು ಹತ್ತಿರ ಬಂದು ಕೈಹಿಡಿದದ್ದು ಕಡಿಮೆ. ಸಂಗೀತದ ಪಂಥದಲ್ಲಿ ಅಪೊಲೊ ದೇವತೆಗೆ ಸೋತು, ಬದುಕಿರುವಾಗಲೇ ಚರ್ಮ ಸುಲಿಸಿಕೊಂಡ ಗ್ರೀಕ್ ಪುರಾಣದ ಪಾತ್ರ ಮಾರ್ಸಿಯಾಸ್. ಕಪೂರ್ ಕೃತಿಯಲ್ಲಿದ್ದದ್ದು ಮೂರು ಉಕ್ಕಿನ ಬಳೆಗಳು, ಅವುಗಳ ನಡುವೆ ಬಿಗಿದ ಗಾಢ ಕೆಂಪಿನ ಪಿವಿಸಿ ಪೊರೆ. ಎರಡು ಬಳೆಗಳು ಹಾಲಿನ ಎರಡು ತುದಿಯಲ್ಲಿ ನಿಂತಿದ್ದವು, ಮೂರನೆಯದು ಸೇತುವೆಯ ಮೇಲೆ ನೆಲಕ್ಕೆ ಸಮಾನಾಂತರವಾಗಿ ತೂಗುತ್ತಿತ್ತು. ಪೊರೆಗೆ ಬೇರೆ ಅಸ್ಥಿಪಂಜರವಿರಲಿಲ್ಲ. ತುತ್ತೂರಿಯಂತೆ ಬಾಯ್ದೆರೆದ ಆ ಆಕಾರವೆಲ್ಲ ಬರಿಯ ಸೆಳೆತದಿಂದ ಹುಟ್ಟಿದ್ದು.

ಇದರ ಎಂಜಿನಿಯರ್ ಸೆಸಿಲ್ ಬಾಲ್ಮಂಡ್, ಆಗ ಅರೂಪ್ ಸಂಸ್ಥೆಯಲ್ಲಿದ್ದವರು. ಬಟ್ಟೆಗೆ ಒತ್ತಡ ತಡೆಯುವ ಗುಣವಿಲ್ಲ, ಎಳೆತವನ್ನು ಮಾತ್ರ ತಾಳುತ್ತದೆ. ಎಲ್ಲಾದರೂ ಎಳೆತ ಕಡಿಮೆಯಾದರೆ ಅಲ್ಲಿ ಸುಕ್ಕು ಬಿದ್ದು ಮೋಸ ಗೊತ್ತಾಗಿಬಿಡುತ್ತದೆ. ಆದ್ದರಿಂದ ಮೇಲ್ಮೈಯ ಪ್ರತಿ ಬಿಂದುವೂ ಒಂದು ದಿಕ್ಕಿಗೆ ಒಳಬಾಗಿದ್ದರೆ ಅಡ್ಡ ದಿಕ್ಕಿಗೆ ಹೊರಬಾಗಿರಬೇಕು. ಎರಡು ಎಳೆತಗಳು ಒಂದನ್ನೊಂದು ಹಿಡಿದು ನಿಲ್ಲಿಸಬೇಕು. ಅಂಥ ಆಕಾರವನ್ನು ಕೈಯಿಂದ ಬರೆಯಲಾಗದು. ಅಂಚುಗಳು ಎಲ್ಲಿವೆ ಎಂದು ಹೇಳಿ, ನಡುವಿನದನ್ನು ಲೆಕ್ಕದ ಮೂಲಕ ಹುಡುಕಿಕೊಳ್ಳಬೇಕು. ಸಿಕ್ಕ ಮೇಲೆ ಆ ಬಾಗಿದ ಮೈಯನ್ನು ಚಪ್ಪಟೆ ಪಟ್ಟಿಗಳಾಗಿ ಬಿಡಿಸಿ, ಬಟ್ಟೆ ಎಳೆದಾಗ ಎಷ್ಟು ಹಿಗ್ಗುವುದೋ ಅಷ್ಟನ್ನು ಕಳೆದು ಕತ್ತರಿಸಿ, ಪಟ್ಟಿಗೆ ಪಟ್ಟಿ ಬೆಸೆಯಬೇಕು. ಬಿಗಿಯುವ ದಿನದವರೆಗೂ ಅದು ರಾಶಿ ಬಿದ್ದ ಬಟ್ಟೆ. ಬಿಗಿದ ಗಳಿಗೆಯಲ್ಲಿ ಹಾಲಿನ ಉದ್ದಕ್ಕೂ ಒಂದು ದೇಹ. ಇಷ್ಟೆಲ್ಲ ಮಾಡಿಯೂ ಕಪೂರ್ ಅದನ್ನು ಎಲ್ಲಿಂದಲೂ ಪೂರ್ತಿ ಕಾಣದಂತೆ ಇಟ್ಟರು. ಸೇತುವೆ ಅಡ್ಡ ಬರುತ್ತಿತ್ತು, ಆಚೆ ಹೋದರೆ ಈಚಿನದು ಮರೆಯಾಗುತ್ತಿತ್ತು. ನೋಡುವವರು ತುಂಡುತುಂಡಾಗಿ ಕಂಡದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳಬೇಕಿತ್ತು. ಹಾಲಿನ ನಡುವಿನ ಸೇತುವೆಯನ್ನು ತೊಂದರೆ ಎಂದುಕೊಳ್ಳದೆ ಕೃತಿಯ ಅಂಗವಾಗಿಸಿಕೊಂಡ ಜಾಣ್ಮೆ ಇದು.

ಮರುವರ್ಷ ಬಂದವರು ಡೆನ್ಮಾರ್ಕ್–ಐಸ್‌ಲ್ಯಾಂಡ್ ಮೂಲದ ಓಲಾಫರ್ ಎಲಿಯಾಸನ್. ‘ದಿ ವೆದರ್ ಪ್ರಾಜೆಕ್ಟ್’ 2003ರ ಅಕ್ಟೋಬರಿನಿಂದ 2004ರ ಮಾರ್ಚ್‌ವರೆಗೆ ಇತ್ತು. ಲಂಡನ್ನಿನ ಮಬ್ಬು ಚಳಿಗಾಲ. ಹಾಲಿನ ಪೂರ್ವದ ತುದಿಯಲ್ಲಿ ಒಬ್ಬ ಸೂರ್ಯ. ಅವನನ್ನು ಮಾಡಿದ ರೀತಿ ಎಷ್ಟು ಸರಳವೆಂದರೆ ಕೇಳಿದವರಿಗೆ ಸಂತೋಷವಾಗುತ್ತದೆ. ಗೋಡೆಯ ಮೇಲೆ ಇದ್ದದ್ದು ಅರ್ಧ ಬಿಲ್ಲೆ ಮಾತ್ರ. ಅದರ ಹಿಂದೆ ಸುಮಾರು ಇನ್ನೂರು ದೀಪಗಳು. ಚಾವಣಿಯುದ್ದಕ್ಕೂ ಕನ್ನಡಿ ಹಾಕಿದ್ದರಿಂದ ಉಳಿದರ್ಧ ಅಲ್ಲಿ ಪ್ರತಿಬಿಂಬಿಸಿ ಪೂರ್ಣ ವೃತ್ತವಾಯಿತು. ಕನ್ನಡಿ ಹಾಲಿನ ಎತ್ತರವನ್ನೂ ಇಮ್ಮಡಿ ಮಾಡಿತು. ಯಂತ್ರಗಳು ಸಕ್ಕರೆ ಬೆರೆಸಿದ ನೀರಿನ ತೆಳುಮಂಜನ್ನು ಹರಡುತ್ತಿದ್ದವು, ಅದರಿಂದ ಬೆಳಕಿಗೆ ಮೈ ಬಂತು.

ದೀಪಗಳು ಒಂದೇ ತರಂಗಾಂತರದ ಹಳದಿ ಬೆಳಕಿನವು. ಎಲ್‌ಇಡಿ ಬರುವ ಮುಂಚೆ ನಮ್ಮ ರಸ್ತೆಗಳಲ್ಲಿದ್ದ ಸೋಡಿಯಂ ದೀಪಗಳನ್ನು ಕಂಡವರಿಗೆ ಅಂಥ ಬೆಳಕಿನ ಪರಿಚಯವಿದೆ. ಒಂದು ವಸ್ತು ಕೆಂಪಾಗಿ ಕಾಣಬೇಕಾದರೆ ಬೀಳುವ ಬೆಳಕಿನಲ್ಲಿ ಕೆಂಪು ಇರಬೇಕು. ಬೆಳಕಿನಲ್ಲೇ ಹಳದಿ ಬಿಟ್ಟು ಬೇರೇನೂ ಇಲ್ಲವೆಂದರೆ ಜಗತ್ತು ಹಳದಿ ಮತ್ತು ಕಪ್ಪಿನ ನಡುವಿನ ಛಾಯೆಗಳಿಗೆ ಇಳಿದುಬಿಡುತ್ತದೆ. ಒಳಗೆ ಕಾಲಿಟ್ಟವರ ಕೆಂಪು ಕೋಟು, ನೀಲಿ ಛತ್ರಿ, ಮೈಬಣ್ಣ ಎಲ್ಲವೂ ತಮ್ಮ ಗುರುತು ಬಿಟ್ಟುಕೊಟ್ಟವು. ಸಾವಿರಾರು ಜನರನ್ನು ಒಂದೇ ಚಿತ್ರದೊಳಗಿನವರಾಗಿಸಲು ಇದಕ್ಕಿಂತ ನೇರವಾದ ಉಪಾಯ ನನಗೆ ಗೊತ್ತಿಲ್ಲ.

ಆಮೇಲೆ ನಡೆದದ್ದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಜನ ನೆಲದ ಮೇಲೆ ಅಂಗಾತ ಮಲಗಿ, ಎತ್ತರದ ಕನ್ನಡಿಯಲ್ಲಿ ಇರುವೆಯಷ್ಟಾಗಿ ಕಾಣುವ ತಮ್ಮನ್ನು ಹುಡುಕತೊಡಗಿದರು. ಕೈಕಾಲು ಆಡಿಸಿ ‘ಇದು ನಾನೇ’ ಎಂದು ಖಾತ್ರಿ ಮಾಡಿಕೊಂಡರು. ಅಪರಿಚಿತರು ಸೇರಿ ಮೈಗಳಿಂದಲೇ ಅಕ್ಷರ, ಆಕೃತಿ ಬರೆದರು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಬಂದುಹೋದರೆಂದು ದಾಖಲೆ. ಇದಕ್ಕಿಂತಲೂ ನನ್ನ ಮೆಚ್ಚುಗೆಯಿರುವುದು ಎಲಿಯಾಸನ್ ಮಾಡಿದ ಇನ್ನೊಂದು ಕೆಲಸಕ್ಕೆ. ಸೂರ್ಯನ ಹಿಂಬದಿಯನ್ನು ಅವರು ಮುಚ್ಚಲಿಲ್ಲ. ಬೇಕಾದವರು ಹತ್ತಿರ ಹೋಗಿ ದೀಪ, ವೈರು, ಚೌಕಟ್ಟು ಎಲ್ಲವನ್ನೂ ನೋಡಬಹುದಿತ್ತು. ಗುಟ್ಟು ಕಂಡಮೇಲೂ ತಿರುಗಿ ಬಂದು ಮತ್ತೆ ಆ ಬೆಳಕಿನಲ್ಲಿ ಮಲಗಿದರೆ ಸುಖ ಒಂದಿಷ್ಟೂ ಕಡಿಮೆಯಾಗುತ್ತಿರಲಿಲ್ಲ. ಕಣ್ಕಟ್ಟನ್ನು ನೆಚ್ಚಿಕೊಂಡ ಕಲಾವಿದ ಇಷ್ಟು ಧೈರ್ಯ ಮಾಡಲಾರ.

ಅಷ್ಟು ಬೆಳಕಿನ ಮುಂದಿನ ವರ್ಷವೇ ಬ್ರೂಸ್ ನೌಮನ್ ಹಾಲಿನಲ್ಲಿ ಕಣ್ಣಿಗೆ ಏನನ್ನೂ ಇಡಲಿಲ್ಲ. ಸ್ಪೀಕರುಗಳಿಂದ ಇಪ್ಪತ್ತೆರಡು ಮಾತಿನ ತುಣುಕುಗಳು ಮಾತ್ರ, ನಡೆದಂತೆ ಒಂದು ದನಿ ಅಳಿದು ಇನ್ನೊಂದು ಕೇಳುವಂತೆ. 2006ರಲ್ಲಿ ಕಾರ್ಸ್ಟನ್ ಹೋಲರ್ ಐದು ಜಾರುಬಂಡೆಗಳನ್ನು ಹಾಕಿ ದೊಡ್ಡವರನ್ನೂ ಮಹಡಿಗಳಿಂದ ಜಾರಿಸಿದರು. ಅದು ಜನಪ್ರಿಯವಾಯಿತು, ಆದರೆ ಜಾರಿ ಮುಗಿದ ಮೇಲೆ ಅದರಲ್ಲಿ ಉಳಿಯುವುದು ಕಡಿಮೆ ಎಂದು ನನ್ನ ಅನಿಸಿಕೆ.

ಈ ಎರಡರ ನಡುವೆ, 2005ರಲ್ಲಿ, ರೇಚಲ್ ವೈಟ್‌ರೀಡ್ ಮಾಡಿದ ‘ಎಂಬ್ಯಾಂಕ್‌ಮೆಂಟ್’ ಗಂಭೀರವಾದದ್ದು. ಆಕೆಯ ಕಸುಬೇ ಖಾಲಿಯನ್ನು ಎರಕ ಹೊಯ್ಯುವುದು. 1993ರಲ್ಲಿ ಪೂರ್ವ ಲಂಡನ್ನಿನಲ್ಲಿ ಒಡೆಯಲಿದ್ದ ಮನೆಯೊಂದರ ಒಳಗನ್ನು ಕಾಂಕ್ರೀಟಿನಲ್ಲಿ ಎರೆದು, ಗೋಡೆಗಳನ್ನು ಸುಲಿದು, ವಾಸದ ಜಾಗವನ್ನೇ ಗಟ್ಟಿ ವಸ್ತುವಾಗಿ ನಿಲ್ಲಿಸಿದ್ದರು. ಟರ್ನರ್ ಪ್ರಶಸ್ತಿ ಪಡೆದ ಮೊದಲ ಮಹಿಳೆ ಆಕೆ. ತಾಯಿ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ಸಿಕ್ಕ ಹಳೆಯ ರಟ್ಟಿನ ಪೆಟ್ಟಿಗೆಯೊಂದು ಟರ್ಬೈನ್ ಹಾಲಿನ ಕೆಲಸಕ್ಕೆ ಬೀಜವಾಯಿತು. ಬಳಸಿ ಸವೆದ ಪೆಟ್ಟಿಗೆಗಳ ಒಳಮೈಯನ್ನು ಎರಕ ತೆಗೆದು, ಅದೇ ಅಚ್ಚಿನಿಂದ ಅರೆಪಾರದರ್ಶಕ ಬಿಳಿ ಪಾಲಿಥೀನಿನಲ್ಲಿ 14,000 ಪೆಟ್ಟಿಗೆಗಳನ್ನು ಮಾಡಿಸಿದರು. ನೆಗ್ಗಿದ ಮೂಲೆ, ಮಡಚಿದ ಅಂಚು ಎಲ್ಲ ಅವುಗಳ ಮೇಲೆ ಮೂಡಿದ್ದವು. ಕೆಲವು ಕಡೆ ಒಪ್ಪವಾಗಿ, ಕೆಲವು ಕಡೆ ಸುರಿದಂತೆ ಪೇರಿಸಿದ ಆ ಬಿಳಿ ಗುಡ್ಡಗಳ ನಡುವೆ ಜನ ನಡೆದರು. ತೆಗೆಯುವ ಕಾಲಕ್ಕೆ ಅವನ್ನು ಪುಡಿ ಮಾಡಿ ಮರುಬಳಕೆಗೆ ಕಳಿಸಲಾಯಿತು. ಸತ್ತವರ ಮನೆ ಖಾಲಿ ಮಾಡುವ ನೋವಿನಿಂದ ಹುಟ್ಟಿದ ಕೃತಿ ತಾನೂ ಖಾಲಿಯಾಗಿ ಹೋದದ್ದು ಅದಕ್ಕೆ ಹೊಂದುವ ಅಂತ್ಯ.

ತೆಗೆಯುವುದು ಎಂಬ ಮಾತಿಗೇ ಸವಾಲು ಹಾಕಿದವರು ಕೊಲಂಬಿಯಾದ ಡೋರಿಸ್ ಸಾಲ್ಸೆಡೊ. 2007ರಲ್ಲಿ ಅವರು ಹಾಲಿನೊಳಗೆ ಏನನ್ನೂ ತರಲಿಲ್ಲ ಎಂದೇ ಮೊದಲು ಕಾಣುತ್ತಿತ್ತು. ತಲೆ ತಗ್ಗಿಸಿದರೆ ನೆಲದಲ್ಲಿ ಒಂದು ಬಿರುಕು. ಕೂದಲೆಳೆಯಂತೆ ಶುರುವಾಗಿ, ಕವಲೊಡೆದು, ಅಗಲವಾಗುತ್ತ, ಆಳವಾಗುತ್ತ, 167 ಮೀಟರ್ ಸಾಗುವ ಬಿರುಕು. ಬಗ್ಗಿ ನೋಡಿದರೆ ಅದರ ಕಾಂಕ್ರೀಟ್ ಗೋಡೆಗಳಲ್ಲಿ ತಂತಿಬಲೆ ಹುದುಗಿರುವುದು ಕಾಣುತ್ತಿತ್ತು. ಗಡಿಗಳಲ್ಲಿ, ಶಿಬಿರಗಳಲ್ಲಿ ಮನುಷ್ಯರನ್ನು ತಡೆಯಲು ಹಾಕುವ ಬೇಲಿಯ ಬಲೆ. ವಲಸೆ ಬಂದವರನ್ನೂ ಬಣ್ಣದ ಕಾರಣಕ್ಕೆ ದೂರವಿಟ್ಟವರನ್ನೂ ಕುರಿತ ಕೃತಿ ಅದು. ಅದನ್ನು ಹೇಗೆ ಮಾಡಿದಿರಿ ಎಂದು ಎಲ್ಲರೂ ಕೇಳಿದರು. ಅವರು ವಿಧಾನವನ್ನು ಹೇಳಲೊಪ್ಪದೆ ಅರ್ಥದ ಬಗ್ಗೆಯೇ ಮಾತಾಡಿದರು. ಕೆಲವರು ಎಡವಿ ಬಿದ್ದು ಗಾಯ ಮಾಡಿಕೊಂಡರು ಎಂಬ ಸುದ್ದಿಯೂ ಬಂತು.

35 ಮೀಟರ್ ಎತ್ತರದ ಹಾಲಿನಲ್ಲಿ ಎಲ್ಲರೂ ಮೇಲಕ್ಕೆ ಕಟ್ಟುತ್ತಿದ್ದಾಗ ಆಕೆ ಕೆಳಕ್ಕೆ ಹೋದರು. ಬರುವವರೆಲ್ಲ ತಲೆ ಬಗ್ಗಿಸಿ ನಡೆಯುವಂತೆ ಮಾಡಿದರು. 2008ರ ವಸಂತದಲ್ಲಿ ಬಿರುಕನ್ನು ತುಂಬಿ ಮುಚ್ಚಿದರು. ಆದರೆ ತುಂಬಿದ ಗೆರೆ ಇಂದಿಗೂ ನೆಲದ ಮೇಲೆ ಕಾಣುತ್ತದೆ, ಆಮೇಲೆ ಬಂದ ಪ್ರತಿ ಕೃತಿಯೂ ಆ ಗೆರೆಯ ಮೇಲೆಯೇ ನಿಂತಿದೆ. ಖಾಲಿ ಮಾಡಿ ಒಪ್ಪಿಸಬೇಕೆಂಬ ಷರತ್ತನ್ನು ಪಾಲಿಸಿಯೂ ಹೋಗದೆ ಉಳಿದವರು ಅವರೊಬ್ಬರೇ.

ಇನ್ನು ಚೀನಾದ ಕಲಾವಿದ ಐ ವೇವೇ ಅವರ ಕೃತಿ. ಚೀನಾದ ಜಿಂಗ್‌ಡೆಜೆನ್ ಪಟ್ಟಣ ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ಪಿಂಗಾಣಿಗೆ ಹೆಸರಾದದ್ದು, ಚಕ್ರವರ್ತಿಗಳ ಅರಮನೆಗೆ ಪಾತ್ರೆ ಕಳಿಸಿದ ಊರು. 2010ರ ಅಕ್ಟೋಬರಿನಲ್ಲಿ ಟರ್ಬೈನ್ ಹಾಲಿನ ನೆಲದ ಮೇಲೆ ಹರಡಿದ ಹತ್ತು ಕೋಟಿ ಸೂರ್ಯಕಾಂತಿ ಬೀಜಗಳು ಆ ಊರಿನವು. ದೂರದಿಂದ ಬೂದು ಬಣ್ಣದ ಜಲ್ಲಿ ಹಾಸಿದಂತೆ. ಕೈಗೆತ್ತಿಕೊಂಡರೆ ಒಂದೊಂದೂ ಪಿಂಗಾಣಿ. ಬೆಟ್ಟದಿಂದ ಕಲ್ಲು ತಂದು, ಅರೆದು, ನೀರಿನಲ್ಲಿ ಕಲಸಿ ಅಚ್ಚಿಗೆ ಹೊಯ್ದು, ಒಣಗಿಸಿ, ಭಟ್ಟಿಯಲ್ಲಿ ಸುಟ್ಟು, ಸಣ್ಣ ಕುಂಚದಿಂದ ಒಂದೊಂದರ ಮೇಲೂ ಕೆಲವೇ ಕಪ್ಪು ಗೆರೆ ಎಳೆದು, ಮತ್ತೆ ಸುಟ್ಟು ತಯಾರಿಸಿದ್ದು. 1,600 ಕುಶಲಕರ್ಮಿಗಳು ಎರಡು ವರ್ಷಕ್ಕೂ ಮೀರಿ ದುಡಿದರು. ಬಣ್ಣ ಹಾಕಿದವರಲ್ಲಿ ಬಹಳ ಮಂದಿ ಹೆಂಗಸರು, ಎಷ್ಟೋ ಜನ ಮನೆಗೇ ಬೀಜ ಒಯ್ದು ಕೆಲಸ ಮಾಡಿ ತಂದುಕೊಟ್ಟವರು. ಯಾವ ಎರಡು ಬೀಜದ ಗೆರೆಗಳೂ ಒಂದೇ ಆಗಿರಲಿಲ್ಲ. ಒಟ್ಟು ತೂಕ 150 ಟನ್ನು.

ಮಾವೊ ಕಾಲದ ಭಿತ್ತಿಚಿತ್ರಗಳಲ್ಲಿ ನಾಯಕನೇ ಸೂರ್ಯ, ಜನ ಅವನತ್ತ ಮುಖ ತಿರುಗಿಸಿದ ಸೂರ್ಯಕಾಂತಿಗಳು. ಕಷ್ಟದ ದಿನಗಳಲ್ಲಿ ಜೇಬಿನಿಂದ ತೆಗೆದು ಹಂಚಿಕೊಂಡು ತಿನ್ನುತ್ತಿದ್ದದ್ದೂ ಅದೇ ಬೀಜ. ಎರಡೂ ಅರ್ಥಗಳು ಆ ರಾಶಿಯಲ್ಲಿ ಕೂತಿವೆ. ಅದರ ಮೇಲೆ ಜನ ನಡೆಯಬೇಕು, ಕೂರಬೇಕು, ಬೊಗಸೆಯಲ್ಲಿ ಎತ್ತಿ ಸುರಿಯಬೇಕು ಎಂದು ಕಲಾವಿದರ ಆಸೆ. ಕೆಲವೇ ದಿನ ಹಾಗೆ ನಡೆಯಿತು. ತುಳಿದಂತೆಲ್ಲ ಪಿಂಗಾಣಿಯ ಸಣ್ಣ ಧೂಳು ಎದ್ದು, ಉಸಿರಾಟಕ್ಕೆ ಹಾನಿಯಾದೀತೆಂದು ನಡೆಯುವುದನ್ನು ನಿಲ್ಲಿಸಿ ಹಗ್ಗ ಕಟ್ಟಿದರು. ಜನರ ಆರೋಗ್ಯದ ಮುಂದೆ ಬೇರೆ ಮಾತಿಲ್ಲ, ನಿಜ. ಆದರೂ ಕಾಲಡಿಯ ಸದ್ದಿಗಾಗಿ ಮಾಡಿದ ಕೃತಿ ಅಂಚಿನಿಂದ ನೋಡುವ ಕೃತಿಯಾದಾಗ ಅದರ ಅರ್ಧ ಉಸಿರು ಹೋಯಿತೆಂದೇ ನನಗೆ ಅನ್ನಿಸುತ್ತದೆ. ಕೃತಿ ಇನ್ನೂ ಅಲ್ಲಿರುವಾಗಲೇ, 2011ರ ಏಪ್ರಿಲಿನಲ್ಲಿ, ಚೀನಾ ಸರ್ಕಾರ ಐ ವೇವೇ ಅವರನ್ನು ಬಂಧಿಸಿ 81 ದಿನ ಇಟ್ಟುಕೊಂಡಿತು. ಅವರನ್ನು ಬಿಡುಗಡೆ ಮಾಡಿ ಎಂಬ ಬರಹ ಟೇಟ್ ಮಾಡರ್ನ್ ಕಟ್ಟಡದ ನೆತ್ತಿಯ ಮೇಲೆ ಮೂಡಿತು. ಮುಂದೆ ಆ ಬೀಜಗಳಲ್ಲಿ ಸುಮಾರು ಹತ್ತು ಟನ್ನನ್ನು ಸಂಗ್ರಹಾಲಯ ಕೊಂಡು ಇಟ್ಟುಕೊಂಡಿದೆ.

2015ರಿಂದ ಈಚೆಗೆ ಬಂದವರಲ್ಲಿ ಬಿಚ್ಚುವ ಯೋಚನೆ ಇನ್ನೂ ಮುಂದಕ್ಕೆ ಬಂದಿರುವುದು ಕಾಣುತ್ತದೆ. ಮೆಕ್ಸಿಕೊದ ಅಬ್ರಹಾಂ ಕ್ರುಸ್‌ವಿಯೇಗಾಸ್ ಲಂಡನ್ನಿನ ಪಾರ್ಕುಗಳಿಂದ, ಬಯಲುಗಳಿಂದ 23 ಟನ್ ಮಣ್ಣು ತರಿಸಿ, 240 ಮರದ ಮಡಿಗಳಲ್ಲಿ ತುಂಬಿ, ದೀಪ ಹಚ್ಚಿ, ನೀರು ಹಾಕಿಸಿದರು. ಒಂದು ಬೀಜವನ್ನೂ ಬಿತ್ತಲಿಲ್ಲ. ಮಣ್ಣಿನಲ್ಲಿ ಮೊದಲೇ ಇದ್ದದ್ದು ಮೊಳೆತರೆ ಮೊಳೆಯಿತು. ಕಾರಾ ವಾಕರ್ 2019ರಲ್ಲಿ 13 ಮೀಟರ್ ಎತ್ತರದ ಕಾರಂಜಿ ಕಟ್ಟಿದರು. ಬಕಿಂಗ್‌ಹ್ಯಾಮ್ ಅರಮನೆಯ ಮುಂದಿನ ವಿಕ್ಟೋರಿಯಾ ಸ್ಮಾರಕದ ಗತ್ತನ್ನೇ ತಿರುಗಿಸಿ, ಅಟ್ಲಾಂಟಿಕ್ ಸಾಗರದಾಚೆಗೆ ಸಾಗಿಸಿ ಮಾರಿದ ಆಫ್ರಿಕದ ಗುಲಾಮರ ಕತೆಯನ್ನು ಅದರಲ್ಲಿ ಕೆತ್ತಿದ್ದರು. ಸ್ಮಾರಕವೆಂದರೆ ಕಲ್ಲು, ಕಂಚು ಎಂಬ ನಂಬಿಕೆಗೆ ವಿರುದ್ಧವಾಗಿ ಮರುಬಳಕೆಗೆ ಬರುವ ಬಿರಡೆಮರ, ಹಲಗೆ, ಲೋಹಗಳಿಂದ ಮಾಡಿದ್ದು ಅದು. ಸಾಮ್ರಾಜ್ಯದ ಸ್ಮಾರಕಗಳು ಉಳಿಯಲೆಂದು ಕಟ್ಟಿದವು, ಆಕೆಯದು ಹೋಗಲೆಂದು. ಆ ಆಯ್ಕೆಯೇ ಒಂದು ವಾದ.

ಘಾನಾದಲ್ಲಿ ಹುಟ್ಟಿ ನೈಜೀರಿಯಾದಲ್ಲಿ ಬಹುಕಾಲ ಕಲಿಸಿದ ಎಲ್ ಅನಾಟ್ಸುಯಿ 2023ರಲ್ಲಿ ಬಂದಾಗ ಇನ್ನೊಂದು ದಾರಿ ಕಂಡಿತು. ಸಾವಿರ ಸಾವಿರ ಮದ್ಯದ ಬಾಟಲಿಗಳ ತಗಡಿನ ಮುಚ್ಚಳಗಳನ್ನು ಚಪ್ಪಟೆ ಮಾಡಿ, ಕತ್ತರಿಸಿ, ತಾಮ್ರದ ತಂತಿಯಿಂದ ಹೊಲಿದ ಅವರ ಪರದೆಗಳು ಲೋಹವಾದರೂ ಬಟ್ಟೆಯಂತೆ ಮಡಚುತ್ತವೆ. ಸುತ್ತಿ ಕಳಿಸಬಹುದು, ಹೋದಲ್ಲಿ ಆ ಗೋಡೆಗೆ ತಕ್ಕ ನೆರಿಗೆ ಕೊಟ್ಟು ತೂಗುಹಾಕಬಹುದು. ಒಂದೇ ಹಾಲಿಗೆ ಕಟ್ಟಿ ಕಿತ್ತುಹಾಕುವ ಬದಲು ಹಾಲಿನಿಂದ ಹಾಲಿಗೆ ಮೈ ಬದಲಿಸುತ್ತ ಹೋಗುವ ಕೃತಿ.

ಈ ಜಾತಿಯ ಒಂದು ಕೃತಿ ನಮ್ಮವರದ್ದೂ ಟೇಟ್ ಸಂಗ್ರಹದಲ್ಲಿದೆ. ಟರ್ಬೈನ್ ಹಾಲಿಗಾಗಿ ಮಾಡಿದ್ದಲ್ಲ. 2009ರ ವೆನಿಸ್ ಬಿಯೆನಾಲೆಯಲ್ಲಿ ಕಂಡದ್ದು. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿರುವ ಶೀಲಾ ಗೌಡರ ‘ಬಿಹೋಲ್ಡ್’. ದೇವರಿಗೆ ಮುಡಿ ಕೊಟ್ಟ ಕೂದಲಿನಿಂದ ಹೊಸೆದ ಹಗ್ಗವನ್ನು ದೃಷ್ಟಿ ತಾಗದಿರಲೆಂದು ಗಾಡಿಯ ಬಂಪರಿಗೆ ಕಟ್ಟುವುದನ್ನು ನಮ್ಮ ರಸ್ತೆಗಳಲ್ಲಿ ನೋಡಿದ್ದೇವೆ. ಅಂಥ ಹಗ್ಗ ಸುಮಾರು ನಾಲ್ಕು ಕಿಲೋಮೀಟರ್, ಹೊಳೆಯುವ ಸ್ಟೀಲ್ ಬಂಪರುಗಳು ಇಪ್ಪತ್ತರಷ್ಟು. ಕೂದಲಿನ ಹಗ್ಗವೇ ಬಂಪರುಗಳನ್ನು ಹೊತ್ತು ತೂಗುತ್ತದೆ, ಉಳಿದದ್ದು ಸುರುಳಿ ಬಿದ್ದು ನೆಲದ ಮೇಲೆ ರಾಶಿಯಾಗುತ್ತದೆ. ಹೊಸ ಕೋಣೆಗೆ ಬಂದಾಗಲೆಲ್ಲ ಅದನ್ನು ಮತ್ತೆ ಮೊದಲಿನಿಂದ ಕಟ್ಟಬೇಕು: ಯಾವ ಬಂಪರು ಎಷ್ಟು ಎತ್ತರದಲ್ಲಿ, ಹಗ್ಗ ಎಲ್ಲಿ ಬಿಗಿ ಎಲ್ಲಿ ಸಡಿಲ, ಗೋಡೆಯ ಮೇಲೆಷ್ಟು ನೆಲದ ಮೇಲೆಷ್ಟು ಎಂದು ಕಟ್ಟುವವರು ಆ ಗೋಡೆಯ ಮುಂದೆ ನಿಂತೇ ತೀರ್ಮಾನಿಸಬೇಕು.